ಲಗ್ನಪತ್ರಿಕೆಯ ಬೆನ್ನಿಗಂಟಿದ ಉತ್ತರಗಳು

ನಮ್ಮ ಕಡೆಯ ಶಾಲೆಗಳಲ್ಲಿ ಯಾವ ಪಾಠವೇ ಆಗಲಿ, ಮುಗಿಯುವುದು ಒಂದು ಪ್ರಶ್ನೆಯಿಂದ ಮತ್ತು ಅದಕ್ಕೆ ತಪ್ಪದೆ ಬರುವ ಒಂದೇ ಉತ್ತರದಿಂದ. "ತಿಳೀತೇನು?" ಎಂದು ನಾವು ಕೇಳುತ್ತೇವೆ, "ತಿಳೀತ್ರೀ" ಎಂದು ಇಡೀ ತರಗತಿ ರಾಗವೆಳೆದು ಹೇಳುತ್ತದೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿಗೆ ಗಣಿತ ಹೇಳುವ ನಾನು, ಈ ರಾಗವನ್ನು ಕೇಳುತ್ತಲೇ 16 ವರ್ಷ ಕಳೆದಿದ್ದೇನೆ. ಅದನ್ನು ನಾನು ಪೂರ್ತಿ ನಂಬಿದ್ದೆ ಎಂದಲ್ಲ. ತರಗತಿಯ 34 ಮಕ್ಕಳಲ್ಲಿ ಮುಂದಿನ ಸಾಲಿನ ಆರೇಳು ಮಂದಿ ನಿಜವಾಗಿ ಉತ್ತರ ಹೇಳುತ್ತಾರೆಂದೂ, ಉಳಿದವರು ಅವರ ಬಾಯಿ ನೋಡಿ ಅರೆಗಳಿಗೆ ತಡವಾಗಿ ಸೇರಿಕೊಳ್ಳುತ್ತಾರೆಂದೂ ಯಾವ ಶಿಕ್ಷಕರಿಗೆ ಗೊತ್ತಿಲ್ಲ? ಭಜನೆಯಲ್ಲಿ ನುಡಿ ಬಾರದವರು ಪಲ್ಲವಿಗೆ ಮಾತ್ರ ದನಿಗೂಡಿಸುವುದಿಲ್ಲವೇ, ಹಾಗೆ. ಆದರೆ ದನಿಗೂಡಿಸಿದವರಲ್ಲಿ ನುಡಿ ಬಂದವರು ಯಾರು, ಬಾರದವರು ಯಾರು ಎಂದು ಆ ಕ್ಷಣದಲ್ಲಿಯೇ ತಿಳಿಯುವ ದಾರಿ ನನಗೆ ಗೊತ್ತಿರಲಿಲ್ಲ. ರಾತ್ರಿ ಮನೆಯಲ್ಲಿ ಕುಳಿತು ನೋಟ್‌ಬುಕ್ಕುಗಳನ್ನು ತಿದ್ದುವಾಗ ತಿಳಿಯುತ್ತಿತ್ತು. ಅಷ್ಟರಲ್ಲಿ ಪಾಠ ಮುಗಿದು, ಮಕ್ಕಳು ಉಂಡು, ಮಲಗಿಯೂ ಬಿಟ್ಟಿರುತ್ತಿದ್ದರು. ಮುದ್ರಿಸಿದ ಕಾಗದದ ಚೌಕಗಳೂ ನನ್ನ ಫೋನೂ ಸೇರಿ ಆ ದಾರಿಯನ್ನು ತೋರಿಸಿದ ಕಥೆ ಇದು.

ಮೊದಲು ಹೀಗಿರಲಿಲ್ಲ. ನೌಕರಿಗೆ ಸೇರಿದ ಆರಂಭದ ವರ್ಷಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದುದು ನಲಿಕಲಿ ತರಗತಿಯನ್ನು, ಅಂದರೆ ಚಿಕ್ಕ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ತರಗತಿಯನ್ನು. ಆಂಧ್ರದ ರಿಷಿವ್ಯಾಲಿಯಲ್ಲಿ ನಡೆದಿದ್ದ ಪ್ರಯೋಗದಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಆ ಪದ್ಧತಿಯಲ್ಲಿ, ಪ್ರತಿ ಮಗುವಿಗೂ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂಬುದು ಗೊತ್ತಿರುತ್ತಿತ್ತು. ಕಾರ್ಡಿನ ಮೇಲಿನ ಪ್ರಾಣಿಯ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತಿತ್ತು, ಗೋಡೆಯ ಮೇಲಿನ ಪಟ್ಟಿ ನೋಡಿದರೆ ಯಾವ ಮಗು ಎಲ್ಲಿ ನಿಂತಿದೆ ಎಂದು ನನಗೂ ತಿಳಿಯುತ್ತಿತ್ತು. ಅದಕ್ಕೂ ಕೊರತೆಗಳಿದ್ದವು, ಅವುಗಳ ಮಾತು ಇಲ್ಲಿ ಬೇಡ. ನಾನು ಹೇಳಬೇಕಾದುದು ಇಷ್ಟು: ಮೂರನೆಯ ತರಗತಿ ದಾಟಿದ ಕೂಡಲೇ ಮಕ್ಕಳು ಕರಿಹಲಗೆಯ ಮುಂದೆ ಒಂದೇ ಗುಂಪಾಗಿ ಕುಳಿತುಬಿಡುತ್ತಾರೆ. ಒಬ್ಬೊಬ್ಬರಾಗಿ ನಡೆಯುತ್ತಿದ್ದವರು ಒಮ್ಮೆಲೇ ಮೇಳವಾಗುತ್ತಾರೆ.

ತಂತ್ರಜ್ಞಾನದ ಬಗ್ಗೆ ನನಗೆ ಹೆಚ್ಚಿನ ಆಸೆ ಇರಲಿಲ್ಲ ಎಂಬುದಕ್ಕೂ ಕಾರಣವಿದೆ. ಹಿಂದೆ ನಾನಿದ್ದ ಶಾಲೆಗೆ ದಾನಿಗಳೊಬ್ಬರು ದೊಡ್ಡ ಟಿವಿಯೊಂದನ್ನು ಕೊಟ್ಟಿದ್ದರು. ಅದರ ಉದ್ಘಾಟನೆಗೆ ಶಾಮಿಯಾನ ಹಾಕಿಸಿದ್ದೆವು. ಎರಡನೆಯ ಮಳೆಗಾಲಕ್ಕೆ ಯುಪಿಎಸ್ ಕೆಟ್ಟಿತು, ರಿಪೇರಿಯ ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಬರುತ್ತದೆ ಎಂಬುದು ಇತ್ಯರ್ಥವಾಗಲಿಲ್ಲ, ಕೊನೆಗೆ ಟಿವಿಯ ಮೇಲೆ ಹೂವಿನ ಚಿತ್ತಾರದ ಬಟ್ಟೆಯೊಂದು ಬಂದು ಕುಳಿತಿತು. ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಕುಂಕುಮದ ಬೊಟ್ಟು ಬೀಳುತ್ತಿತ್ತು.

ಮುನಿರಾಬಾದಿನ ಡಯಟ್‌ನಲ್ಲಿ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ, ಶಿಕ್ಷಕರ ತರಬೇತಿಯೊಂದು ನಡೆದಾಗ, ಊಟದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕುಳಿತಿದ್ದ ಸಹೋದ್ಯೋಗಿಯೊಬ್ಬರು ತಮ್ಮ ಚೀಲದಿಂದ ಕಾಗದದ ಚೌಕಗಳ ಕಟ್ಟೊಂದನ್ನು ತೆಗೆದು ತೋರಿಸಿದರು. ಪ್ಲಿಕರ್ಸ್ ಎಂದು ಅದರ ಹೆಸರು. ಪೇಪರ್ ಮತ್ತು ಕ್ಲಿಕರ್ ಎಂಬ ಎರಡು ಪದಗಳನ್ನು ಬೆಸೆದು ಮಾಡಿದ್ದು. ಹೊರದೇಶಗಳ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳ ಕೈಗೆ ಗುಂಡಿಗಳಿರುವ ಚಿಕ್ಕ ಯಂತ್ರ ಕೊಟ್ಟು, ಪ್ರಶ್ನೆಗೆ ಉತ್ತರವನ್ನು ಒತ್ತಿಸುವ ರೂಢಿ ಬಹಳ ಹಿಂದಿನಿಂದ ಇದೆ, ಆ ಯಂತ್ರವೇ ಕ್ಲಿಕರ್. ಇಲ್ಲಿ ಮಕ್ಕಳ ಕೈಯಲ್ಲಿ ಯಂತ್ರವಿಲ್ಲ, ಕಾಗದ ಮಾತ್ರ. ಪ್ರತಿ ಕಾಗದದ ಮೇಲೂ ಕಪ್ಪು ಬಿಳುಪಿನ ಬೇರೆ ಬೇರೆ ವಿನ್ಯಾಸ ಹಾಗೂ ಒಂದು ಸಂಖ್ಯೆ, ನಾಲ್ಕು ಬದಿಗಳಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಅಕ್ಷರಗಳು. ಉತ್ತರ ಬಿ ಎನಿಸಿದವರು ಬಿ ಅಕ್ಷರವಿರುವ ಬದಿ ಮೇಲೆ ಬರುವಂತೆ ಕಾಗದವನ್ನು ತಿರುಗಿಸಿ ಹಿಡಿಯಬೇಕು. ಶಿಕ್ಷಕರು ತಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹಾಯಿಸಿದರೆ, ಯಾವ ಸಂಖ್ಯೆಯ ಮಗು ಯಾವ ಉತ್ತರ ಹಿಡಿದಿದೆ ಎಂದು ಫೋನು ಗುರುತಿಸಿಕೊಂಡುಬಿಡುತ್ತದೆ. ಅಕ್ಷರಗಳು ಚಿಕ್ಕವಾಗಿರುವುದರಿಂದಲೂ ಒಬ್ಬೊಬ್ಬರ ವಿನ್ಯಾಸ ಒಂದೊಂದು ಬಗೆಯದಾಗಿರುವುದರಿಂದಲೂ ಪಕ್ಕದವರ ಕಾಗದ ನೋಡಿ ನಕಲು ಮಾಡುವುದು ಸುಲಭವಲ್ಲ. ಶಾಲೆಗೆ ಬೇಕಾದದ್ದು ಒಂದೇ ಫೋನು, ಅದು ಹೇಗೂ ನನ್ನ ಬಳಿ ಇತ್ತು. ಮೊಟ್ಟೆ ಬಾಳೆಹಣ್ಣಿನ ಲೆಕ್ಕ, ಬಿಸಿಯೂಟದ ಲೆಕ್ಕ, ಹಾಜರಾತಿಯ ಲೆಕ್ಕ ಎಂದು ಆ್ಯಪುಗಳಿಂದ ಕಿಕ್ಕಿರಿದ ಆ ಫೋನಿನಲ್ಲಿ ಮಕ್ಕಳ ಕಲಿಕೆಗೆಂದು ಇಟ್ಟುಕೊಂಡ ಮೊದಲನೆಯ ಆ್ಯಪು ಇದೇ ಎಂದು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ.

ಕಾರ್ಡುಗಳ ಕಡತವನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ಕುಷ್ಟಗಿಯ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದೆ. ತೆಳುವಾದ ಹಾಳೆ ಮಕ್ಕಳ ಕೈಯಲ್ಲಿ ಒಂದು ವಾರವೂ ಬಾಳದು ಎಂದು ರಟ್ಟಿಗೆ ಅಂಟಿಸಬೇಕೆನಿಸಿತು. ಮನೆಯ ಗೂಡಿನಲ್ಲಿ ಎರಡು ವರ್ಷದ ಲಗ್ನಪತ್ರಿಕೆಗಳು ಪೇರಿಕೊಂಡಿದ್ದವು. ದೇವರ ಚಿತ್ರವಿರುವುದರಿಂದ ಅವನ್ನು ಎಸೆಯುವಂತಿಲ್ಲ, ಇಟ್ಟುಕೊಂಡು ಮಾಡುವುದೂ ಏನಿಲ್ಲ. ಅವುಗಳಷ್ಟು ಗಟ್ಟಿಯಾದ ಕಾಗದ ಬೇರೆಲ್ಲಿ ಸಿಗಬೇಕು? ಹೀಗೆ ನಮ್ಮ ತರಗತಿಯ ಪ್ರತಿ ಕಾರ್ಡಿಗೂ ಒಂದು ಕಡೆ ಕಪ್ಪು ಬಿಳುಪಿನ ವಿನ್ಯಾಸವೂ ಇನ್ನೊಂದು ಕಡೆ ಯಾರದೋ ಅಕ್ಷತಾರೋಪಣದ ಮುಹೂರ್ತವೂ ಇವೆ. ಮೊದಲು ಲ್ಯಾಮಿನೇಷನ್ ಮಾಡಿಸುವ ವಿಚಾರವಿತ್ತು, ಆದರೆ ಕಿಟಕಿಯ ಬೆಳಕು ಹೊಳಪಿನ ಮೇಲೆ ಬಿದ್ದರೆ ಕ್ಯಾಮೆರಾಕ್ಕೆ ವಿನ್ಯಾಸ ಕಾಣುವುದಿಲ್ಲ ಎಂದು ಆ ಸಹೋದ್ಯೋಗಿ ಮೊದಲೇ ಎಚ್ಚರಿಸಿದ್ದರು.

ಮೊದಲ ದಿನ ಕಾರ್ಡು ಹಂಚಿದ ಕೂಡಲೇ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: "ಟೀಚರ್ರೀ, ಇದು ಫೋನ್‌ಪೇ ಚೀಟಿ ಏನ್ರೀ? ರೊಕ್ಕ ಬರ್ತದೇನ್ರೀ?" ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಹುಡುಗನ ಹೋಲಿಕೆ ಸರಿಯಾಗಿಯೇ ಇತ್ತು. ಊರಿನ ಕಿರಾಣಿ ಅಂಗಡಿಯ ಗಾಜಿಗೆ ಅಂಟಿಸಿರುವ ಕ್ಯೂಆರ್ ಸಂಕೇತವೂ ಇದೇ ಕುಲದ್ದು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲೆಂದು ಅದನ್ನು ರೂಪಿಸಿದರು. ಅದರ ಮೂರು ಮೂಲೆಗಳಲ್ಲಿ ಮಾತ್ರ ದೊಡ್ಡ ಚೌಕಗಳಿರುವುದರಿಂದ ಸಂಕೇತ ಯಾವ ಕಡೆಗೆ ತಿರುಗಿದೆ ಎಂದು ಫೋನಿಗೆ ತಿಳಿಯುತ್ತದೆ, ಹೇಗೆ ಹಿಡಿದರೂ ಹಣ ಅದೇ ಅಂಗಡಿಗೆ ಹೋಗುತ್ತದೆ. ನಮ್ಮ ಕಾರ್ಡಿನಲ್ಲಿ ಹಾಗಲ್ಲ, ಇಲ್ಲಿ ತಿರುಗಿಸುವುದೇ ಉತ್ತರ. "ಹಾಗಾದರೆ ತಿರುಗಿಸಿದ್ದು ಫೋನಿಗೆ ಹೇಗೆ ತಿಳಿಯುತ್ತದೆ?" ಎಂದು ಮಕ್ಕಳನ್ನೇ ಕೇಳಿದೆ. ಆ ದಿನ ಪಾಠ ಅಲ್ಲಿಗೇ ನಿಂತಿತು, ನಿಂತದ್ದಕ್ಕೆ ನನಗೆ ಬೇಸರವಿಲ್ಲ.

ಚೌಕುಳಿ ಹಾಳೆಯಲ್ಲಿ ಎರಡು ಅಡ್ಡ, ಎರಡು ಉದ್ದ, ಒಟ್ಟು ನಾಲ್ಕು ಮನೆಗಳ ಚೌಕ ಬರೆದು, ಬೇಕಾದ ಮನೆಗಳಿಗೆ ಕಪ್ಪು ತುಂಬಿ, ನಾಲ್ಕು ದಿಕ್ಕಿಗೆ ತಿರುಗಿಸಿದಾಗ ನಾಲ್ಕು ಬೇರೆ ಬೇರೆ ರೂಪ ಕಾಣುವ ಕಾರ್ಡುಗಳನ್ನು ಮಾಡಿರಿ ಎಂದೆ. ನಾಲ್ಕೂ ಮನೆ ಕಪ್ಪಾದರೆ ಕೆಲಸಕ್ಕೆ ಬಾರದು, ನಾಲ್ಕೂ ಬಿಳಿಯಾದರೂ ಬಾರದು ಎಂಬುದು ಬೇಗ ಹೊಳೆಯಿತು. ಒಂದು ಮನೆ ಕಪ್ಪು ಮಾಡಿದರೆ ಆಗುತ್ತದೆ. ಮೂರು ಮಾಡಿದರೂ ಆಗುತ್ತದೆ. ಎರಡು ಮಾಡುವುದಾದರೆ ಅವು ಪಕ್ಕಪಕ್ಕದಲ್ಲಿರಬೇಕು, ಕರ್ಣರೇಖೆಯಲ್ಲಿ ಎದುರುಬದುರು ಇದ್ದರೆ ಅರ್ಧ ಸುತ್ತು ತಿರುಗಿಸಿದಾಗ ಮೊದಲಿನಂತೆಯೇ ಕಾಣುತ್ತದೆ. ಹೀಗಾಗಿ ನಾಲ್ಕು ಮನೆಗಳಲ್ಲಿ ಮೂರೇ ಮೂರು ಕಾರ್ಡುಗಳು ಹುಟ್ಟುತ್ತವೆ. ಈ ತೀರ್ಮಾನಕ್ಕೆ ಬರಲು ತರಗತಿಗೆ ಅರ್ಧ ಗಂಟೆ ಹಿಡಿಯಿತು, ಆದರೆ ಬಂದವರು ತಾವೇ ಬಂದರು. ಮೂರು ಅಡ್ಡ, ಮೂರು ಉದ್ದದ ಒಂಬತ್ತು ಮನೆಗಳ ಲೆಕ್ಕವನ್ನು ನಾನು ಮನೆಯಲ್ಲಿ ಮಾಡಿ ನೋಡಿದೆ: ಕಪ್ಪು ಬಿಳುಪು ತುಂಬುವ ಬಗೆಗಳು ಒಟ್ಟು 512, ಅವುಗಳಲ್ಲಿ ಅರ್ಧ ಸುತ್ತಿಗೆ ಮೊದಲಿನಂತೆಯೇ ಕಾಣುವವು 32, ಉಳಿದ 480ರಲ್ಲಿ ಒಂದೊಂದು ಕಾರ್ಡಿಗೆ ನಾಲ್ಕು ರೂಪಗಳಂತೆ 120 ಕಾರ್ಡುಗಳು. ಮೂರರಿಂದ ನೂರಿಪ್ಪತ್ತಕ್ಕೆ ಹಾರಿದ್ದನ್ನು ಮರುದಿನ ಹೇಳಿದಾಗ ಮಕ್ಕಳಿಗಿಂತ ನನಗೇ ಹೆಚ್ಚು ಸಂಭ್ರಮವಾಗಿತ್ತು. ಅಂದು ಬಾಗಿಲ ಬಳಿ ಕೂರುವ ಹುಡುಗಿಯೊಬ್ಬಳು ಎದ್ದು ನಿಂತು, "ರಂಗೋಲಿ ಆದ್ರ ಇದಕ್ಕ ಆಗಂಗಿಲ್ರೀ, ಹೆಂಗ ತಿರುವಿದ್ರೂ ಒಂದ ಥರ ಕಾಣ್ತದ" ಎಂದಳು. ಸಮ್ಮಿತಿ ಎಂಬ ಪದವನ್ನು ಪಾಠದಲ್ಲಿ ಎಷ್ಟೋ ಸಲ ಬರೆಸಿದ್ದೇನೆ, ಅದರ ಅರ್ಥವನ್ನು ಇಷ್ಟು ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ. ಅವಳ ಕಾರ್ಡಿನ ಸಂಖ್ಯೆ 17. ಅಲ್ಲಿಯವರೆಗೆ ಅವಳ ದನಿಯನ್ನು ನಾನು ಹಾಜರಿ ಕರೆಯುವಾಗ ಮಾತ್ರ ಕೇಳಿದ್ದೆ.

ನಿಜವಾದ ಪರೀಕ್ಷೆ ನನಗೇ ಆದದ್ದು ಅದರ ಮುಂದಿನ ವಾರ. ಹಳೆಯದನ್ನು ಒಮ್ಮೆ ನೆನಪಿಸೋಣ ಎಂದು ಐವತ್ತೆರಡರಲ್ಲಿ ಮೂವತ್ತೆಂಟನ್ನು ಕಳೆಯುವ ಲೆಕ್ಕವನ್ನು ಹಲಗೆಯ ಮೇಲೆ ಬರೆದೆ. ನಾಲ್ಕು ಆಯ್ಕೆಗಳನ್ನು ಮನಸ್ಸಿಗೆ ಬಂದಂತೆ ಕೊಟ್ಟರೆ ಉಪಯೋಗವಿಲ್ಲ, ತಪ್ಪು ಉತ್ತರಗಳು ಮಕ್ಕಳು ಮಾಡುವ ತಪ್ಪಿನಿಂದಲೇ ಬಂದಿರಬೇಕು ಎಂಬುದು ಅಷ್ಟರಲ್ಲಿ ಅರ್ಥವಾಗಿತ್ತು. 14 ಸರಿಯುತ್ತರ. ಎರಡರಲ್ಲಿ ಎಂಟು ಹೋಗುವುದಿಲ್ಲವೆಂದು ಎಂಟರಲ್ಲಿಯೇ ಎರಡನ್ನು ಕಳೆಯುವ ಮಗುವಿಗೆ 26 ಬರುತ್ತದೆ. ಹತ್ತರ ಸ್ಥಾನದಿಂದ ಎರವಲು ತಂದು, ತಂದದ್ದನ್ನು ಅಲ್ಲಿ ಕಡಿಮೆ ಮಾಡಲು ಮರೆತ ಮಗುವಿಗೆ 24 ಬರುತ್ತದೆ. ಚಿಹ್ನೆಯನ್ನೇ ನೋಡದೆ ಕೂಡಿಸಿದ ಮಗುವಿಗೆ 90. ಆ ದಿನ ಹಾಜರಿದ್ದವರು 31 ಮಕ್ಕಳು. ಎಂದಿನಂತೆ "ತಿಳೀತ್ರೀ" ಎಂದು ಮೇಳ ಮೊಳಗಿದ ಮೇಲೆ ಕಾರ್ಡು ಎತ್ತಿಸಿ ಫೋನು ಹಾಯಿಸಿದೆ. 14 ಹಿಡಿದವರು ಹನ್ನೆರಡು ಮಂದಿ, 26 ಹಿಡಿದವರು ಹನ್ನೊಂದು, 24 ಆರು, 90 ಎರಡು. ಪರದೆಯ ಮೇಲೆ ಕೆಂಪು ಹೆಚ್ಚು, ಹಸಿರು ಕಡಿಮೆ. ಮುಂದಿನ ಸಾಲಿನ, ಮೇಳ ಎತ್ತಿಕೊಡುವ ಹುಡುಗರಲ್ಲಿ ಇಬ್ಬರು ಕೆಂಪಿನಲ್ಲಿದ್ದರು.

ಐದನೆಯ ತರಗತಿಯಲ್ಲಿ, ಎರಡಂಕಿಯ ಕಳೆಯುವ ಲೆಕ್ಕದಲ್ಲಿ, ಹತ್ತೊಂಬತ್ತು ಮಂದಿ. ನಾನು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಅದಕ್ಕಿಂತ ಕಹಿಯಾದ ಇನ್ನೊಂದು ಲೆಕ್ಕ ರಾತ್ರಿ ಹೊಳೆಯಿತು. ನಾಲ್ಕು ಆಯ್ಕೆಗಳಿರುವಾಗ 31 ಮಕ್ಕಳೂ ಕಣ್ಣು ಮುಚ್ಚಿಕೊಂಡು ಕಾರ್ಡು ಹಿಡಿದಿದ್ದರೂ ಏಳೆಂಟು ಮಂದಿಯದು ತಾನಾಗಿಯೇ ಸರಿಯಾಗುತ್ತಿತ್ತು; ಹಾಗಾದರೆ ಆ ಹನ್ನೆರಡರಲ್ಲಿಯೂ ತಿಳಿದು ಹಿಡಿದವರು ಎಷ್ಟು? ಆದರೂ ತಪ್ಪುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ, 26ರ ಸುತ್ತ ಗುಂಪುಗೂಡಿದ್ದವು. ಅಂದರೆ ಅದು ಅಜಾಗರೂಕತೆಯಲ್ಲ. ಹನ್ನೊಂದು ಮಕ್ಕಳು ಒಂದು ನಿಯಮವನ್ನು, ತಪ್ಪಾದ ನಿಯಮವನ್ನು, ನಿಷ್ಠೆಯಿಂದ ಪಾಲಿಸುತ್ತಿದ್ದರು. "ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು" ಎಂದು ಕೆಳಗಿನ ತರಗತಿಗಳಲ್ಲಿ ನಾವೇ ಹೇಳಿಕೊಟ್ಟ ಮಾತು ಅದು.

ಮುಂದೇನು ಮಾಡಬೇಕೆಂಬುದಕ್ಕೆ ದೂರದ ಅನುಭವವೊಂದು ನೆರವಾಯಿತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಿಂದ ನಡೆಸಿಕೊಂಡು ಬಂದ ಪದ್ಧತಿಯಲ್ಲಿ, ಪ್ರಶ್ನೆಗೆ ಎಲ್ಲರಿಂದ ಉತ್ತರ ಪಡೆದ ಮೇಲೆ ಸರಿಯಾದದ್ದನ್ನು ಹೇಳಿಬಿಡುವುದಿಲ್ಲ. ಸರಿಯುತ್ತರ ಹೇಳಿದವರು ಸುಮಾರು ಶೇ 30ರಿಂದ 70ರ ನಡುವೆ ಇದ್ದರೆ, ಪಕ್ಕದವರ ಜೊತೆ ಚರ್ಚೆಗೆ ಬಿಟ್ಟು ಅದೇ ಪ್ರಶ್ನೆಯನ್ನು ಮತ್ತೊಮ್ಮೆ ಕೇಳುತ್ತಾರೆ. ತೀರ ಕಡಿಮೆ ಇದ್ದರೆ ಚರ್ಚೆಗೆ ಕಸುವಿಲ್ಲ, ಮತ್ತೆ ಪಾಠ ಮಾಡಬೇಕು. ತೀರ ಹೆಚ್ಚಿದ್ದರೆ ಚರ್ಚೆಯ ಅಗತ್ಯವಿಲ್ಲ. ನಮ್ಮದು ಶೇ 39. ಮರುದಿನ ಮತ್ತೆ ಅದೇ ಲೆಕ್ಕ ಬರೆದು, ಬೇರೆ ಉತ್ತರ ಹಿಡಿದವರನ್ನು ಇಬ್ಬಿಬ್ಬರಾಗಿ ಕೂಡಿಸಿ, "ನಿನ್ನದು ಯಾಕೆ ಸರಿ ಎಂದು ಅವರನ್ನು ಒಪ್ಪಿಸು" ಎಂದಷ್ಟೇ ಹೇಳಿ ಹಿಂದಕ್ಕೆ ಸರಿದೆ. ತರಗತಿ ಸಂತೆಯಾಯಿತು. ಪಕ್ಕದ ಕೋಣೆಯ ಗುರುಗಳು ಒಮ್ಮೆ ಬಾಗಿಲಲ್ಲಿ ಇಣುಕಿ ಹೋದರು. ಕಡ್ಡಿ ಕಟ್ಟುಗಳನ್ನು ಬಿಚ್ಚಿದವರಿದ್ದರು, ಬೆರಳು ಮಡಚಿದವರಿದ್ದರು, ಇಪ್ಪತ್ತಾರಕ್ಕೆ ಮೂವತ್ತೆಂಟನ್ನು ಕೂಡಿಸಿದರೆ ಅರವತ್ನಾಲ್ಕಾಗುತ್ತದೆ, ಐವತ್ತೆರಡು ಎಲ್ಲಿ ಆಗುತ್ತದೆ ಎಂದು ಜಗಳ ತೆಗೆದವರೂ ಇದ್ದರು. ಎರಡನೆಯ ಸಲ ಕಾರ್ಡು ಎತ್ತಿದಾಗ 23 ಮಂದಿ ಹಸಿರಿಗೆ ಬಂದಿದ್ದರು.

ಈ ಫಲಕ್ಕಾಗಿ ಫೋನನ್ನು ಹೊಗಳುವ ಮೊದಲು ಒಂದು ಮಾತು ಹೇಳಬೇಕು. ಕೆನಡಾದ ಭೌತಶಾಸ್ತ್ರದ ಅಧ್ಯಾಪಕ ನಥಾನಿಯಲ್ ಲಾಸ್ರಿ ಇದೇ ಪದ್ಧತಿಯನ್ನು ಒಂದು ಗುಂಪಿನಲ್ಲಿ ಕ್ಲಿಕರ್ ಯಂತ್ರ ಕೊಟ್ಟು, ಇನ್ನೊಂದು ಗುಂಪಿನಲ್ಲಿ ಬರೀ ಅಕ್ಷರದ ರಟ್ಟುಗಳನ್ನು ಕೊಟ್ಟು ನಡೆಸಿ, ಕಲಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು 2008ರಲ್ಲಿ ಬರೆದರು. ನನಗೂ ಹಾಗೆಯೇ ಕಂಡಿದೆ. ಮಕ್ಕಳಿಗೆ ಕಲಿಸಿದ್ದು ಆ ಜಗಳ. ಫೋನು ಮಾಡಿಕೊಟ್ಟದ್ದು ಇನ್ನೊಂದು ಉಪಕಾರ: ಯಾರನ್ನು ಯಾರ ಪಕ್ಕ ಕೂಡಿಸಬೇಕೆಂದು ನನಗೆ ತೋರಿಸಿತು, ಮತ್ತು ಕೈ ಎತ್ತಿ ನಗೆಪಾಟಲಾಗುವ ಭಯವಿಲ್ಲದೆ ತಪ್ಪು ಹೇಳುವ ಅವಕಾಶವನ್ನು ಪ್ರತಿಯೊಬ್ಬರಿಗೂ ಕೊಟ್ಟಿತು. ಕೈ ಎತ್ತಿ ಎಂದರೆ 17ನೆಯ ಸಂಖ್ಯೆಯವಳು ಈಗಲೂ ಎತ್ತುವುದಿಲ್ಲ. ಕಾರ್ಡನ್ನು ಎದೆಯ ಮಟ್ಟಕ್ಕೆ ಗಟ್ಟಿಯಾಗಿ ಹಿಡಿಯುತ್ತಾಳೆ.

ತೊಡಕುಗಳಿಗೆ ಕೊರತೆಯಿಲ್ಲ. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಧ್ವಜದ ಕಟ್ಟೆಯ ಬಳಿ ಮಾತ್ರ. ಮಕ್ಕಳ ಬೆರಳು ವಿನ್ಯಾಸದ ಅಂಚನ್ನು ಮುಚ್ಚಿದರೆ ಕ್ಯಾಮೆರಾ ಆ ಕಾರ್ಡನ್ನು ಬಿಟ್ಟು ಮುಂದೆ ಹೋಗುತ್ತದೆ. ಮಕ್ಕಳ ಹೆಸರುಗಳನ್ನು ನಾನು ಆ್ಯಪಿಗೆ ತುಂಬಿಲ್ಲ, ಸಂಖ್ಯೆಗಳನ್ನಷ್ಟೇ ಕೊಟ್ಟಿದ್ದೇನೆ. 18 ವರ್ಷದೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇರದಿದ್ದರೂ, ನಮ್ಮ ಹಳ್ಳಿಯ ಮಗುವೊಂದು ಕಳೆಯುವ ಲೆಕ್ಕದಲ್ಲಿ ತಪ್ಪಿತು ಎಂಬ ವಿಷಯ ಅದರ ಹೆಸರಿನ ಸಮೇತ ಹೊರದೇಶದ ಯಾವುದೋ ಸರ್ವರಿನಲ್ಲಿ ಕುಳಿತಿರುವುದು ನನಗೆ ಬೇಕಿರಲಿಲ್ಲ. ಮುಖ್ಯಗುರುಗಳಿಗೆ ಕಾರ್ಡು ಬಹಳ ಹಿಡಿಸಿತು. ಬಣ್ಣದ ಪಟ್ಟಿಗಳಿರುವ ವರದಿಯನ್ನು ನೋಡಿ, "ಇದನ್ನ ಪ್ರಿಂಟ್ ತೆಗೆಸಿ ಆಫೀಸಿನ ಗೋಡೆಗೆ ಹಚ್ರಿ, ಯಾರಾದ್ರೂ ನೋಡಾಕ ಬಂದ್ರ ಇರ್ಲಿ" ಎಂದರು. ಹಚ್ಚಲಿಲ್ಲ. ಗೋಡೆಗೆ ಹಚ್ಚಿದ ದಿನದಿಂದ ಮಕ್ಕಳು ತಪ್ಪು ಹಿಡಿಯಲು ಹೆದರುತ್ತಾರೆ, ನಾನು ಸುಲಭದ ಪ್ರಶ್ನೆಗಳನ್ನೇ ಹುಡುಕತೊಡಗುತ್ತೇನೆ ಎಂದು ಅವರಿಗೆ ಹೇಳಿದೆ. ಅವರು ಒಪ್ಪಿದಂತೆ ಕಾಣಲಿಲ್ಲ, ಆದರೆ ಒತ್ತಾಯಿಸಲೂ ಇಲ್ಲ.

ಇನ್ನು ಒಂಬತ್ತನೆಯ ಸಂಖ್ಯೆಯ ಮಾತು. ನಮ್ಮದು ಮಳೆಯನ್ನು ನಂಬಿದ ಎರೆ ಮತ್ತು ಮಸಾರಿ ಭೂಮಿ; ಗಂಗಾವತಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಭತ್ತ ಬೆಳೆಯುವಂತೆ ಇಲ್ಲಿ ಬೆಳೆಯುವುದಿಲ್ಲ. ಸುಗ್ಗಿ ಮುಗಿದರೆ ಮನೆಗೆ ಬೀಗ ಹಾಕಿ ಮಂಗಳೂರು, ಗೋವಾ, ಬೆಂಗಳೂರು ಎಂದು ಗುಳೆ ಹೋಗುವ ಸಂಸಾರಗಳು ಪ್ರತಿ ಓಣಿಯಲ್ಲಿಯೂ ಇವೆ. ಒಂಬತ್ತನೆಯ ಕಾರ್ಡಿನ ಹುಡುಗ ದೀಪಾವಳಿಯ ನಂತರ ತಂದೆತಾಯಿಯರೊಂದಿಗೆ ಮಂಗಳೂರಿಗೆ ಹೋದ. ಅವನು ಹೋಗುವ ಮೊದಲಿನ ಪ್ರತಿ ಕಳೆಯುವ ಲೆಕ್ಕದಲ್ಲಿಯೂ ಕೆಂಪೇ, ಪ್ರತಿ ಸಲವೂ ದೊಡ್ಡದರಲ್ಲಿ ಸಣ್ಣದನ್ನು ಕಳೆಯುವ ಅದೇ ತಪ್ಪು. ಆಮೇಲೆ ಫೋನಿನ ಪಟ್ಟಿಯಲ್ಲಿ ಅವನ ಸಾಲು ಖಾಲಿ. ಹೊಸದಾಗಿ ಸೇರಿದ ಮಗುವಿಗೆ ಆ ಸಂಖ್ಯೆ ಕೊಡಬಹುದಿತ್ತು. ಕೊಡದೆ, ಕಾರ್ಡನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಗೆಯೇ ಇಟ್ಟಿದ್ದೆ.

ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆಂದು ಅವರ ಮನೆಯವರು ಊರಿಗೆ ಬಂದಾಗ ಹುಡುಗ ಎರಡು ದಿನ ಶಾಲೆಗೂ ಬಂದ. ಕಾರ್ಡು ಕೇಳಿ ಪಡೆದುಕೊಂಡ. ಅಂದಿನ ಪ್ರಶ್ನೆ ಅರವತ್ತಮೂರರಲ್ಲಿ ನಲವತ್ತೇಳನ್ನು ಕಳೆಯುವುದು. ಹಳೆಯ ತಪ್ಪಿನ ಪ್ರಕಾರ ಅವನು 24 ಹಿಡಿಯಬೇಕಿತ್ತು, 16 ಹಿಡಿದ. ಎರಡು ತಿಂಗಳಿಗೂ ಮೇಲ್ಪಟ್ಟು ಶಾಲೆಯನ್ನೇ ಕಾಣದವನು. ಪರದೆಯ ಮೇಲೆ ಒಂಬತ್ತನೆಯ ಸಾಲು ಹಸಿರಾಯಿತು, ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಅದೃಷ್ಟದಿಂದ ಹಿಡಿದಿರಬಹುದು ಎಂದುಕೊಂಡೇ, ಹೇಗೆ ಮಾಡಿದೆಯಪ್ಪಾ ಎಂದು ಕೇಳಿದೆ. ಕಟ್ಟಡದ ಕೆಲಸದವರಿಗೆ ಚಹಾ, ಬನ್ನು ತರಲು ದಿನವೂ ಅಂಗಡಿಗೆ ಹೋಗುತ್ತಿದ್ದನಂತೆ. "ನಲವತ್ತೇಳಕ್ಕ ಮೂರು ಹಾಕಿದ್ರ ಐವತ್ತು, ಹತ್ತು ಹಾಕಿದ್ರ ಅರವತ್ತು, ಮ್ಯಾಲ ಮೂರು. ಹದಿನಾರು ರೂಪಾಯಿ ಚಿಲ್ಲರ ಬರ್ತದ್ರೀ." ಎರವಲು ತರುವ ಗೊಡವೆಗೇ ಅವನು ಹೋಗಿರಲಿಲ್ಲ, ಕಳೆಯುವ ಲೆಕ್ಕವನ್ನು ಕೂಡಿಸಿಯೇ ಮಾಡಿದ್ದ.

ಆ ದಿನದಿಂದ ಫೋನು ಹಾಯಿಸಿದ ಮೇಲೆ ಹಸಿರಿನವರಲ್ಲಿ ಒಬ್ಬರನ್ನು, ಕೆಂಪಿನವರಲ್ಲಿ ಒಬ್ಬರನ್ನು ಹೇಗೆ ಮಾಡಿದಿರೆಂದು ಕೇಳುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಒಂದು ದಿನದಲ್ಲಿ ಮುಗಿಯುತ್ತಿದ್ದ ಪ್ರಶ್ನೆಗಳಿಗೆ ಈಗ ಎರಡು ದಿನ ಹಿಡಿಯುತ್ತದೆ ಎಂಬುದೊಂದೇ ಲಾಭ ಎಂದು ಪಕ್ಕದ ಕೋಣೆಯ ಗುರುಗಳು ತಮಾಷೆ ಮಾಡುತ್ತಾರೆ. ಜಾತ್ರೆ ಮುಗಿಸಿಕೊಂಡು ಹುಡುಗ ಮತ್ತೆ ಮಂಗಳೂರಿಗೆ ಹೋದ, ಕಾರ್ಡು ಡಬ್ಬಿಗೆ ಮರಳಿತು. ಅವನು ತೋರಿಸಿಕೊಟ್ಟ ಲೆಕ್ಕವನ್ನು ಹಲಗೆಯ ಮೇಲೆ ಬರೆದು ಎಲ್ಲರಿಗೂ ಹೇಳಿಕೊಟ್ಟೆ. 26ರ ಗುಂಪಿನಲ್ಲಿ ಉಳಿದುಕೊಂಡಿದ್ದ ಐವರಲ್ಲಿ ಮೂವರಿಗೆ ಅದು ಕೂಡಲೇ ಹಿಡಿಯಿತು. ತರಗತಿಯಲ್ಲಿ ಈಗ ಅದಕ್ಕೆ ಒಂಬತ್ತನೇ ನಂಬರಿನ ಲೆಕ್ಕ ಎಂದೇ ಹೆಸರು.